ಓದುಗರ ಸ್ಪಂದನ: ತಮ್ಮನ ಪಟ್ಟಿ, ಅಕ್ಕನ ಉಸಿರು

ಕಳೆದ ಸಲದ ಸಮಸ್ಯೆ:

"ನನಗೆ 39, ಶಿವಮೊಗ್ಗದಲ್ಲಿ ಕೆಲಸ. ಬೆಂಗಳೂರಿನಲ್ಲಿರುವ ತಮ್ಮನಿಗೆ 33. ನವೆಂಬರ್ ಕೊನೆಗೆ ಇಬ್ಬರೂ ಐದು ದಿನ ರಜೆ ಹಾಕಿದ್ದೇವೆ. ಕಾರಿನ ಹಿಂದೆ ಎರಡು ಮೌಂಟನ್ ಬೈಕ್ ಕಟ್ಟಿಕೊಂಡು ಆಗುಂಬೆ, ಕುಂದಾದ್ರಿ, ಕೊಡಚಾದ್ರಿ, ಸಾಗರ, ಜೋಗ ಸುತ್ತಬೇಕು, ಅಲ್ಲಲ್ಲಿ ಕಾರು ನಿಲ್ಲಿಸಿ ಸೈಕಲ್ ಹತ್ತಬೇಕು ಅಂತ ಅವನ ಆಸೆ. ದಿನಕ್ಕೆ 50 ಕಿ.ಮೀ. ತುಳಿಯುವ ಪಟ್ಟಿ ಕಳಿಸಿದ್ದಾನೆ. ನಾನು ಗೇರ್ ಸೈಕಲ್ ಹತ್ತಿ ಬರೀ ಎಂಟು ತಿಂಗಳು. ಬೇಡ ಅಂದರೆ ಅವನಿಗೆ ಬೇಜಾರು, ಹೂಂ ಅಂದರೆ ನನಗೆ ಭಯ. ನನ್ನ ಮದುವೆಯಾದ ಮೇಲೆ ನಾವಿಬ್ಬರೇ ಎಲ್ಲಿಗೂ ಹೋಗಿಲ್ಲ. ಏನು ಮಾಡಲಿ?"

ನಾನೂ ಅಕ್ಕನೇ. ನಾಲ್ಕು ವರ್ಷದ ಹಿಂದೆ ತಮ್ಮನ ಜೊತೆ ಸೈಕಲ್‌ನಲ್ಲಿ ಕುಂದಾದ್ರಿ ಹತ್ತಿದೆ. ಮೇಲಿನವರೆಗೂ ರಸ್ತೆ ಇದೆ, ಅದೇನು ಮಹಾ ಅಂದುಕೊಂಡಿದ್ದೆ. ಅರ್ಧ ದಾರಿಗೇ ಕಾಲು ನಡುಗತೊಡಗಿತು. ಅವನು ಮುಂದೆ ಹೋಗಿ ಯಾವುದೋ ತಿರುವಿನಲ್ಲಿ ನೆರಳು ನೋಡಿ ಕೂತಿರುತ್ತಿದ್ದ. ನಾನು ಏದುಸಿರು ಬಿಡುತ್ತಾ ಅಲ್ಲಿಗೆ ಮುಟ್ಟಿದ ಕೂಡಲೇ "ಬಂದ್ಯಾ ಅಕ್ಕಾ, ನಡಿ" ಅಂತ ಎದ್ದು ಹೊರಟೇಬಿಡುತ್ತಿದ್ದ. ಐದಾರು ಸಲ ಹೀಗಾಯಿತು. ಲೆಕ್ಕ ಹಾಕಿ ನೋಡಿ. ಸುಸ್ತೇ ಆಗದವನಿಗೆ ಐದಾರು ಸಲ ವಿಶ್ರಾಂತಿ, ಸುಸ್ತಾದವಳಿಗೆ ಒಂದೂ ಇಲ್ಲ! ಪಾಪ, ಅವನಿಗದು ಹೊಳೆದೇ ಇರಲಿಲ್ಲ. ತಾನು ಕಾಯುತ್ತಿದ್ದೇನೆ, ತಾನು ಒಳ್ಳೆಯವನು ಅಂತಲೇ ಅವನ ಲೆಕ್ಕ.

ಮೇಲೆ ಬಸದಿಯ ಪಕ್ಕದ ಕೊಳದ ಹತ್ತಿರ ಕೂತು ನಾನು ಒಂದು ಮಾತೂ ಆಡಲಿಲ್ಲ. ಇಳಿಯುವಾಗಲೂ ಇಲ್ಲ. ರಾತ್ರಿ ಊಟಕ್ಕೆ ಕೂತಾಗ ಜಗಳ ಶುರುವಾಗಿ, ಆರನೇ ಕ್ಲಾಸಿನಲ್ಲಿ ಅವನು ನನ್ನ ಕಂಪಾಸ್ ಬಾಕ್ಸ್ ಒಡೆದದ್ದರವರೆಗೂ ಹೋಯಿತು.

ಮರುದಿನದಿಂದ ಎರಡೇ ನಿಯಮ. ಏರಿನಲ್ಲಿ ನಾನು ಮುಂದೆ, ಅವನು ಹಿಂದೆ. ನಿಂತರೆ, ನನ್ನ ಉಸಿರು ಸರಿಯಾದ ಮೇಲೆಯೇ ಹೊರಡುವುದು. ನಿಮ್ಮ ತಮ್ಮನಿಗೆ ಇದನ್ನು ಮನೆಯಲ್ಲೇ ಹೇಳಿ. ಘಾಟಿಯ ಮಧ್ಯೆ ಹೇಳಿದ್ದೆಲ್ಲ ಬೈದ ಹಾಗೇ ಕೇಳಿಸುತ್ತದೆ.

– ಓದುಗಿ, ಭದ್ರಾವತಿ

ನಾನು ಪಟ್ಟಿ ಮಾಡುವ ತಮ್ಮಂದಿರ ಪೈಕಿ. ನಿಮ್ಮ ತಮ್ಮ ದೂರ ಲೆಕ್ಕ ಹಾಕಿದ್ದಾನೆ, ಏರು ಲೆಕ್ಕ ಹಾಕಿಲ್ಲ ಅಂತ ನನ್ನ ಅನುಮಾನ. ತುಂಗೆಯ ಪಕ್ಕ ಗಾಜನೂರು, ಸಕ್ರೆಬೈಲು, ಮಂಡಗದ್ದೆ ಅಂತ ಹೋಗುವ 50 ಕಿ.ಮೀ. ಬೇರೆ. ಸೋಮೇಶ್ವರದಿಂದ 14 ಹೇರ್‌ಪಿನ್ ತಿರುವು ಸುತ್ತಿ ಆಗುಂಬೆಗೆ ಹತ್ತುವ 10 ಕಿ.ಮೀ. ಬೇರೆ. ದಾರಿ ತೋರಿಸುವ ಆ್ಯಪ್‌ನಲ್ಲಿ ಒಟ್ಟು ಎಷ್ಟು ಮೀಟರ್ ಏರು ಅಂತಲೂ ಬರುತ್ತದೆ, ಅದನ್ನು ಕೇಳಿ. ಹೊಸಬರಿಗೆ ದಿನಕ್ಕೆ 500 ಮೀಟರ್ ಏರು ಧಾರಾಳ ಆಯಿತು. ಇದು ನನ್ನ ಲೆಕ್ಕ, ಶಾಸ್ತ್ರವಲ್ಲ.

ಇನ್ನೊಂದು. ಕಾರು ಒಂದೇ ಅಲ್ವಾ? ಇಬ್ಬರೂ ಸೈಕಲ್ ಹತ್ತಿದರೆ ಕಾರು ನಿಂತಲ್ಲೇ ನಿಂತಿರುತ್ತದೆ. ಹೋದಷ್ಟೇ ದೂರ ವಾಪಸ್ ತುಳಿಯಬೇಕು. ಪಟ್ಟಿಯಲ್ಲಿ ಅದು ಸೇರಿದೆಯಾ ನೋಡಿ. ಬೆಳಿಗ್ಗೆ ಇಬ್ಬರೂ ಒಟ್ಟಿಗೆ 20–25 ಕಿ.ಮೀ. ತುಳಿದು ಕಾರಿಗೆ ಬನ್ನಿ. ಮಧ್ಯಾಹ್ನ ಅವನೊಬ್ಬನೇ ತುಳಿಯಲಿ, ನೀವು ಕಾರು ತೆಗೆದುಕೊಂಡು ಮುಂದಿನ ಊರಿಗೆ ಹೋಗಿ ಕಾಫಿ ಕುಡಿಯುತ್ತಾ ಕೂರಿ. ಅವನ ಚಟವೂ ತೀರುತ್ತದೆ.

– ಓದುಗ, ಬೆಂಗಳೂರು

ಕೊಡಚಾದ್ರಿ ಬಿಟ್ಟುಬಿಡಿ. 1,343 ಮೀಟರ್ ಎತ್ತರ. ಜೀಪು ಹೋಗುವ ದಾರಿ ಇದೆ ಅಂತ ನಿಮ್ಮ ತಮ್ಮ ಹೇಳಬಹುದು. ಆ ದಾರಿಯಲ್ಲಿ ನಾನು ಜೀಪು ಓಡಿಸಿದವನು. ಸಡಿಲ ಕಲ್ಲು, ಕೊರಕಲು, ಎದುರಿಗೆ ಇನ್ನೊಂದು ಜೀಪು. ಸೈಕಲ್ ಹತ್ತುವುದಿಲ್ಲ, ಸೈಕಲ್ಲನ್ನೇ ನೀವು ಹೊತ್ತುಕೊಂಡು ಹೋಗಬೇಕಾಗುತ್ತದೆ. ಅದು ಮೂಕಾಂಬಿಕಾ ಅಭಯಾರಣ್ಯದ ಕಾಡು ಬೇರೆ. ಹಟ ಹಿಡಿದರೆ, ಸೈಕಲ್ ಬಿಡುತ್ತಾರೋ ಇಲ್ಲವೋ ಅಂತ ಅರಣ್ಯ ಇಲಾಖೆಯವರನ್ನು ಮೊದಲೇ ಕೇಳಿಕೊಂಡು ಹೋಗಿ. ಗೇಟಿನ ಹತ್ತಿರ ನಿಂತು ವಾದ ಮಾಡಬೇಡಿ. ಅದರ ಬದಲು ನಮ್ಮ ತಾಲ್ಲೂಕಿನ ನಗರ (ಹಳೆಯ ಬಿದನೂರು) ಅನ್ನುವ ಊರಿನ ಕೋಟೆ ಕಡೆಯ ಹಳ್ಳಿ ರಸ್ತೆಗಳಲ್ಲಿ ತುಳಿಯಿರಿ. ಕೊಡಚಾದ್ರಿಗೆ ಒಂದು ದಿನ ಸೈಕಲ್ ಬಿಟ್ಟು ಜೀಪಿನಲ್ಲಿ ಹೋಗಿ, ಅವಮಾನ ಏನಿಲ್ಲ.

– ಓದುಗ, ಹೊಸನಗರ

ಶಿವಮೊಗ್ಗದಲ್ಲಿ ಸೈಕಲ್ ರಿಪೇರಿ ಮಾಡುತ್ತೇನೆ. ಮೊದಲು ಟ್ಯೂಬಿನ ಬಾಯಿ ನೋಡಿಕೊಳ್ಳಿ. ದುಬಾರಿ ಸೈಕಲ್‌ಗಳಲ್ಲಿ ಸಣ್ಣ ಪ್ರೆಸ್ಟಾ ವಾಲ್ವ್ ಇರುತ್ತದೆ. ಹಳ್ಳಿಯ ಪಂಚರ್ ಅಂಗಡಿಯ ಪಂಪ್ ಅದಕ್ಕೆ ಕೂರುವುದಿಲ್ಲ. ಒಂದು ಪುಟ್ಟ ಹಿತ್ತಾಳೆ ಅಡಾಪ್ಟರ್ ಸಾಕು, ಅದಿಲ್ಲದೆ ಅರ್ಧ ದಿನ ಹಾಳು ಮಾಡಿಕೊಂಡವರನ್ನು ಎಷ್ಟೋ ಜನ ನೋಡಿದ್ದೇನೆ. ಹಿಂದಿನ ಗೇರ್ ಹಿಡಿದುಕೊಂಡಿರುವ ಹ್ಯಾಂಗರ್ ಒಂದು ಎಕ್ಸ್‌ಟ್ರಾ ಇರಲಿ. ಮೆತ್ತನೆ ಲೋಹ, ಸೈಕಲ್ ಬಲಕ್ಕೆ ಬಿದ್ದರೆ ಬಗ್ಗುತ್ತದೆ. ಒಂದೊಂದು ಸೈಕಲ್‌ಗೆ ಒಂದೊಂದು ತರದ್ದು, ತೀರ್ಥಹಳ್ಳಿಯಲ್ಲಿ ಹುಡುಕಿದರೆ ಸಿಗಲ್ಲ. ಚೈನ್ ಲಿಂಕ್, ಎರಡು ಟ್ಯೂಬ್, ಪ್ಯಾಚ್ ಕೂಡ ಜೊತೆಗಿರಲಿ.

ಘಾಟಿ ಇಳಿಯುವಾಗ ಬ್ರೇಕ್ ಒತ್ತಿಹಿಡಿದುಕೊಂಡೇ ಇಳಿಯಬೇಡಿ. ಡಿಸ್ಕ್ ಕಾದು ಹಿಡಿತ ಹೋಗುತ್ತದೆ. ತಿರುವಿಗೆ ಮುಂಚೆ ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ಆಮೇಲೆ ಬಿಡಿ. ಕಾರಿನ ಹಿಂದೆ ಸೈಕಲ್ ಕಟ್ಟಿದಾಗ ನಂಬರ್ ಪ್ಲೇಟ್, ಹಿಂದಿನ ದೀಪ ಮುಚ್ಚಬಾರದು. ಮಂಜಿನಲ್ಲಿ ಹಿಂದಿನವನಿಗೆ ಕಾಣುವುದೇ ಆ ದೀಪ.

– ಓದುಗ, ಶಿವಮೊಗ್ಗ

ಉಂಬಳಕ್ಕೆ ಎಲ್ಲರೂ ಹೆದರುತ್ತಾರೆ, ಉಣುಗಿಗೆ ಯಾರೂ ಹೆದರಲ್ಲ. ಉಂಬಳ ಸ್ವಲ್ಪ ರಕ್ತ ಕುಡಿದು ಬಿದ್ದುಹೋಗುತ್ತದೆ. ಉಣುಗು ಮಂಗನ ಕಾಯಿಲೆ ತರುತ್ತದೆ. 1957ರಲ್ಲಿ ಈ ಕಾಯಿಲೆ ಮೊದಲು ಕಾಣಿಸಿಕೊಂಡದ್ದು ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲೇ. ನೀವು ಹೋಗುವ ಹೊತ್ತಿಗೆ ಉಣುಗಿನ ಕಾಲ ಶುರುವಾಗುತ್ತದೆ, ಮೇ ತಿಂಗಳವರೆಗೂ ಇರುತ್ತದೆ. ಸುಮ್ನೆ ಹೆದರಿಸುತ್ತಿಲ್ಲ. ಕಾಡು ಹಾದಿಯಲ್ಲಿ ದಣಿದು ಒಣ ಎಲೆಯ ಮೇಲೆ ಕೂರಬೇಡಿ. ಉದ್ದ ಪ್ಯಾಂಟು ಹಾಕಿ, ಕಾಲುಚೀಲದೊಳಗೆ ತೂರಿಸಿ. ಆರೋಗ್ಯ ಕೇಂದ್ರದಲ್ಲಿ ಡೇಪಾ ಎಣ್ಣೆ ಕೇಳಿ, ಕೈಕಾಲಿಗೆ ಹಚ್ಚಿಕೊಳ್ಳಿ. ಸಂಜೆ ಬಟ್ಟೆಯನ್ನು ಬಿಸಿನೀರಿಗೆ ಹಾಕಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ವಾಪಸಾದ ಮೇಲೆ ಜ್ವರ ಬಂದರೆ ಮಲೆನಾಡಿನ ಕಾಡಿಗೆ ಹೋಗಿದ್ದೆವು ಅಂತ ಡಾಕ್ಟರಿಗೆ ಹೇಳಲೇಬೇಕು. ನಿಮ್ಮ ತಮ್ಮನಿಗೆ ಇದು ಜಾಸ್ತಿ ಮುಖ್ಯ. ಬೆಂಗಳೂರಿನ ಡಾಕ್ಟರಿಗೆ ಮಂಗನ ಕಾಯಿಲೆ ತಟ್ಟನೆ ಹೊಳೆಯದೇ ಹೋಗಬಹುದು.

– ಆಶಾ ಕಾರ್ಯಕರ್ತೆ, ಸೊರಬ ತಾಲ್ಲೂಕು

ಜೋಗವನ್ನು ಕೊನೆಗೆ ಇಟ್ಟುಕೊಂಡು ಭೋರ್ಗರೆತ ನಿರೀಕ್ಷಿಸಬೇಡಿ. ಎತ್ತರವೇನೋ 253 ಮೀಟರೇ, ಆದರೆ ನೀರನ್ನು ಲಿಂಗನಮಕ್ಕಿ ಅಣೆಕಟ್ಟು ಹಿಡಿದುಕೊಂಡಿರುತ್ತದೆ. ಮಳೆ ಮುಗಿದ ಮೇಲೆ ಬಂಡೆಯೇ ಜಾಸ್ತಿ ಕಾಣುವುದು. ಹೊಸಬರಿಗೆ ಸಾಗರದ ಸುತ್ತಲೇ ಸೊಗಸು. ಒಂದು ಬೆಳಿಗ್ಗೆ ಇಕ್ಕೇರಿಯ ಅಘೋರೇಶ್ವರ, ಇನ್ನೊಂದು ಬೆಳಿಗ್ಗೆ ಕೆಳದಿಯ ರಾಮೇಶ್ವರ. ಸಾಗರದಿಂದ ಎರಡೂ ಹತ್ತು ಕಿ.ಮೀ. ಒಳಗೇ. ಕೆಳದಿಯಲ್ಲಿ ತಲೆಯೆತ್ತಿ ಮೇಲ್ಛಾವಣಿಯ ಗಂಡಭೇರುಂಡ ನೋಡಿ. ಕಾರು ಇರುವುದರಿಂದ ಸಿಗಂದೂರಿಗೂ ಹೋಗಿಬನ್ನಿ. ಮೊದಲು ಶರಾವತಿ ಹಿನ್ನೀರು ದಾಟಲು ಲಾಂಚಿಗೆ ಕಾದು ಕೂರಬೇಕಿತ್ತು, 2025ರ ಜುಲೈನಲ್ಲಿ ಹಿನ್ನೀರಿನ ಮೇಲೆ ಸೇತುವೆ ತೆರೆಯಿತು. ನನಗಂತೂ ಲಾಂಚೇ ಚೆನ್ನಾಗಿತ್ತು.

– ನಿವೃತ್ತ ಮೇಷ್ಟ್ರು, ಸಾಗರ

ಆಗುಂಬೆ ಹತ್ತಿರ ನಮ್ಮದು ಸಣ್ಣ ಹೋಂಸ್ಟೇ. ತುಳಿಯುವುದು ಎಷ್ಟಾದರೂ ಇರಲಿ, ಐದು ಗಂಟೆಯೊಳಗೆ ಸೈಕಲ್ ಇಳಿದುಬಿಡಿ. ಕತ್ತಲಾದ ಮೇಲೆ ರಸ್ತೆಗೆ ಕಾಡುಕೋಣ ಬರುತ್ತವೆ, ಬ್ಯಾಟರಿ ಬೆಳಕಿಗೆ ಅವು ಸರಿಯುವುದಿಲ್ಲ. ಮೊಬೈಲ್ ಸಿಗ್ನಲ್ ನಂಬಬೇಡಿ. ಎಷ್ಟು ಹೊತ್ತಿಗೆ ಬರುತ್ತೇವೆ ಅಂತ ಬೆಳಿಗ್ಗೆಯೇ ಹೇಳಿಬಿಡಿ, ನಮಗೂ ಕಡುಬಿಗೆ ಅಕ್ಕಿ ನೆನೆಹಾಕಬೇಕಲ್ಲ. ನವೆಂಬರ್ ಕೊನೆಗೆ ಅಡಿಕೆ ಕೊಯ್ಲು ನಡೆದಿರುತ್ತದೆ, ರಾತ್ರಿ ಸುಲಿಯುತ್ತಾ ಎಚ್ಚರವಾಗಿಯೇ ಇರುತ್ತೇವೆ. ಕೆಸರಿನ ಸೈಕಲ್ ತೊಳೆಯಲು ತೋಟದ ಪೈಪ್ ಇದೆ. ಅಡಿಕೆ ಹರವಿದ ಅಂಗಳಕ್ಕೆ ಮಾತ್ರ ತರಬೇಡಿ.

– ಓದುಗಿ, ತೀರ್ಥಹಳ್ಳಿ ತಾಲ್ಲೂಕು