ಅಪ್‌ಡೇಟ್: ಶಿಫ್ಟ್ ಕೆಲಸದ ನಡುವೆ ಪ್ರಾರ್ಥನೆಗೆ ಜಾಗ

ಬೆಂಗಳೂರಲ್ಲಿ ಶಿಫ್ಟ್ ಕೆಲಸ, ಎಷ್ಟೋ ಭಾನುವಾರ ಡ್ಯೂಟಿ. ಹೀಗಿರುವಾಗ ಪ್ರಾರ್ಥನೆಗೆ, ಬೈಬಲ್ ಓದಿಗೆ ಜಾಗ ಮಾಡಿಕೊಳ್ಳುವುದು ಹೇಗೆ ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್.

ಒಂದೇ ವರ್ಷದಲ್ಲಿ ಇಡೀ ಬೈಬಲ್ ಮುಗಿಸುವ ಸಲಹೆ ನನಗೆ ಹೊಂದಲಿಲ್ಲ. ಬೈಬಲಿನಲ್ಲಿ ಯೇಸುಸ್ವಾಮಿಯ ಜೀವನ ಹೇಳುವ ಪುಸ್ತಕಗಳಲ್ಲಿ ಒಂದಾದ ಮಾರ್ಕನ ಶುಭಸಂದೇಶದಿಂದ ಶುರು ಮಾಡಿ ಅಂದಿದ್ದರಲ್ಲ, ಅದು ಸರಿಹೋಯ್ತು. ನಾಲ್ಕು ಶುಭಸಂದೇಶಗಳಲ್ಲಿ ಅದೇ ಚಿಕ್ಕದು, ಬರೀ 16 ಅಧ್ಯಾಯ. ಮೊದಲ ಅಧ್ಯಾಯದಲ್ಲೇ ಯೇಸುಸ್ವಾಮಿ ಇನ್ನೂ ಕತ್ತಲಿರುವಾಗ ಎದ್ದು, ಒಬ್ಬರೇ ಪ್ರಾರ್ಥನೆಗೆ ಹೋಗುತ್ತಾರೆ. ಅಲ್ಲಿಗೂ ಶಿಷ್ಯರು ಹುಡುಕಿಕೊಂಡು ಬಂದು, ಎಲ್ಲರೂ ನಿಮ್ಮನ್ನೇ ಹುಡುಕುತ್ತಿದ್ದಾರೆ ಅನ್ನುತ್ತಾರೆ! ಮುಂದೆ ಊಟಕ್ಕೂ ಬಿಡುವಿಲ್ಲದಷ್ಟು ಜನ. ಓದಿ ನಗು ಬಂತು, ಸಮಾಧಾನವೂ ಆಯ್ತು. ನಮ್ಮ ಟೀಮ್ ಲೀಡ್ ಫೋನ್ ನೆನಪಾಯ್ತು ಬಿಡಿ.

ಜಾಸ್ತಿ ಉಪಯೋಗಕ್ಕೆ ಬಂದದ್ದು ಯೇಸುಸಭೆ (ಜೆಸ್ವಿಟ್) ಸ್ಥಾಪಿಸಿದ ಸಂತ ಇಗ್ನೇಷಿಯಸ್ ಲೊಯೋಲಾ ಅವರ 16ನೇ ಶತಮಾನದ ಪ್ರಾರ್ಥನಾ ಕ್ರಮ. ದಿನದ ಕೊನೆಗೆ ಕೂತು ಮೊದಲು ದೇವರಿಗೆ ಧನ್ಯವಾದ ಹೇಳುವುದು. ಆಮೇಲೆ ದಿನವನ್ನು ಗಂಟೆ ಗಂಟೆಯಾಗಿ ನೋಡುವುದು, ತಪ್ಪಿಗೆ ಕ್ಷಮೆ ಕೇಳುವುದು, ನಾಳೆಗೆ ಬೇಡುವುದು. ಹದಿನೈದು ನಿಮಿಷ ಸಾಕು. ನೈಟ್ ಶಿಫ್ಟ್ ಇದ್ದರೆ ನನ್ನ 'ದಿನದ ಕೊನೆ' ಬೆಳಗ್ಗೆ ಕ್ಯಾಬಲ್ಲೇ ಆಗುತ್ತದೆ. ಕಣ್ಣು ಮುಚ್ಚಿದರೆ ನಿದ್ದೆ ಅಂದುಕೊಂಡು ಯಾರೂ ಮಾತಾಡಿಸುವುದಿಲ್ಲ. ಕೆಲವೊಮ್ಮೆ ನಿಜವಾಗಲೂ ನಿದ್ದೆಯೇ!

ಭಾನುವಾರದ ವಿಷಯ: ನಾವು ಕ್ಯಾಥೋಲಿಕರು ಭಾನುವಾರ ಚರ್ಚಿನ ಬಲಿಪೂಜೆಗೆ (ಮಾಸ್) ಹೋಗಲೇಬೇಕೆಂಬ ಕಟ್ಟಳೆಯಿದೆ; ಶನಿವಾರ ಸಂಜೆಯ ಬಲಿಪೂಜೆಗೆ ಹೋದರೂ ಅದು ಪೂರೈಸುತ್ತದೆ ಅಂತ ನಮ್ಮ ಫಾದರ್ ಹೇಳಿದರು. ಈಗ ಹಾಗೇ ಹೋಗುತ್ತಿದ್ದೇನೆ. ಅಮ್ಮನಿಗೆ ಮಾತ್ರ ಇನ್ನೂ ಒಪ್ಪಿಗೆಯಿಲ್ಲ.