ಎಎಚ್‌ಎ-1542ಬಿ ಕಾರ್ಡಿನ ಡಿಎಂಎ ವೇಗ: 5ರಲ್ಲೇ ಬಿಡಬೇಕೇ, ಏರಿಸಬಹುದೇ?

ಬೆಸುಗೆಗಾರ: ನನ್ನ 386 ಯಂತ್ರದ ಅಡಾಪ್ಟೆಕ್ 1542ಬಿ ಕಾರ್ಡಿನ (ಹಾರ್ಡ್ ಡಿಸ್ಕನ್ನು ಯಂತ್ರಕ್ಕೆ ಜೋಡಿಸುವ ಸ್ಕಸಿ ಕಾರ್ಡು) ಜಂಪರ್ ಬದಲಿಸಿ, ಡಿಎಂಎ (ಸಿಪಿಯು ನೆರವಿಲ್ಲದೆ ನೇರವಾಗಿ ಮೆಮೊರಿಗೆ ದತ್ತಾಂಶ ಸಾಗಿಸುವ) ವೇಗವನ್ನು ಸೆಕೆಂಡಿಗೆ 5 ಎಂಬಿಯಿಂದ 8ಕ್ಕೆ ಏರಿಸಿ, ಬಸ್-ಆನ್ ಅವಧಿಯನ್ನು (ಎಲ್ಲ ಕಾರ್ಡುಗಳೂ ಹಂಚಿಕೊಳ್ಳುವ ದತ್ತಾಂಶ ದಾರಿಯಾದ ಬಸ್ಸನ್ನು ಈ ಕಾರ್ಡು ಒಮ್ಮೆಗೆ ಹಿಡಿದಿಡುವ ಹೊತ್ತು) 15 ಮೈಕ್ರೋಸೆಕೆಂಡಿಗೆ ಇಟ್ಟಿದ್ದೇನೆ. ಮದರ್‌ಬೋರ್ಡ್ ತಡೆದುಕೊಂಡರೆ 10ರವರೆಗೂ ಹೋಗಬಹುದೆಂದು ಲಿನಕ್ಸ್ ಬೂಟ್‌ಪ್ರಾಂಪ್ಟ್ ಕೈಪಿಡಿಯೇ ಹೇಳುತ್ತದೆ. 40 ಎಂಬಿ ಕಡತಗಳನ್ನು ನಕಲಿಸಿದರೂ ಒಂದು ದೋಷಸಂದೇಶವೂ ಬರಲಿಲ್ಲ.

ತುಂಗಾತೀರ: ಅದೇ ಕೈಪಿಡಿ 5ಕ್ಕಿಂತ ಮೇಲೆ ಎಚ್ಚರಿಕೆಯಿಂದ ಪ್ರಯೋಗಿಸಿ ಎಂದೂ ಹೇಳಿದೆ, ಅದನ್ನು ತಾವು ಬಿಟ್ಟಿದ್ದೀರಿ. ದೋಷಸಂದೇಶ ಬರದಿರುವುದು ಪುರಾವೆಯಲ್ಲ. ಈ ಯಂತ್ರಗಳ ಐಎಸ್‌ಎ ಬಸ್ಸಿನ ದತ್ತಾಂಶ ತಂತಿಗಳಿಗೆ ಪ್ಯಾರಿಟಿ (ತಪ್ಪು ಪತ್ತೆಹಚ್ಚುವ ಹೆಚ್ಚುವರಿ ಬಿಟ್) ಇಲ್ಲದ ಕಾರಣ, ದಾರಿಯಲ್ಲಿ ಕೆಟ್ಟ ಬೈಟು ಮೆಮೊರಿಗೆ ಸೇರುವಾಗ ಆ ಕೆಟ್ಟ ಬೈಟಿಗೇ ತಕ್ಕ ಪ್ಯಾರಿಟಿ ದಾಖಲಾಗುತ್ತದೆ, ತಪ್ಪು ಕಾಣುವುದೇ ಇಲ್ಲ. ನಾನು 6.7ರಲ್ಲಿ ನಕಲಿಸಿದ ಜಿಪ್ ಕಡತವನ್ನು ಮೂರು ವಾರ ಬಿಟ್ಟು ಬಿಚ್ಚಿದಾಗ ಸಿಆರ್‌ಸಿ (ಕಡತ ಕೆಟ್ಟಿಲ್ಲವೆಂದು ನೋಡುವ ತಪಾಸಣಾ ಸಂಖ್ಯೆ) ತಾಳೆಯಾಗಲಿಲ್ಲ. 5ಕ್ಕೆ ಇಳಿಸಿ ಮೂಲದಿಂದ ಮತ್ತೆ ನಕಲಿಸಿದಾಗ ಸರಿಹೋಯಿತು.

ಬೆಸುಗೆಗಾರ: ಮೂರು ವಾರದಲ್ಲಿ ಹಾರ್ಡ್ ಡಿಸ್ಕೇ ಕೆಟ್ಟಿರಬಹುದಲ್ಲವೇ?

ಕಪ್ಪುಪರದೆ: ನನಗೆ ಕಂಡ ದೊಡ್ಡ ತಪ್ಪು ಆ 15. ಕಾರ್ಡು ಅಷ್ಟು ಹೊತ್ತು ಬಸ್ಸನ್ನು ಹಿಡಿದರೆ ಫ್ಲಾಪಿಯ ಗತಿಯೇನು? 1.44 ಎಂಬಿ ಫ್ಲಾಪಿಯಿಂದ 16 ಮೈಕ್ರೋಸೆಕೆಂಡಿಗೊಂದು ಬೈಟು ಬರುತ್ತದೆ, ಹಳೆಯ ಫ್ಲಾಪಿ ನಿಯಂತ್ರಕದಲ್ಲಿ ಅದನ್ನು ಕೂಡಿಡಲು ಜಾಗವಿಲ್ಲ.

ಬೆಸುಗೆಗಾರ: 16ಕ್ಕಿಂತ 15 ಕಡಿಮೆ. ಕಾರ್ಡಿಗಿರುವ ಮಿತಿಯೂ 2ರಿಂದ 15.

ಕಪ್ಪುಪರದೆ: ಲೆಕ್ಕ ಅಲ್ಲಿಗೆ ಮುಗಿಯುವುದಿಲ್ಲ ಸ್ವಾಮಿ! ಕಾರ್ಡು ಬಸ್ಸನ್ನು ಬಿಟ್ಟುಕೊಟ್ಟು, ಸುಮಾರು 15 ಮೈಕ್ರೋಸೆಕೆಂಡಿಗೊಮ್ಮೆ ಆಗಲೇಬೇಕಾದ ಮೆಮೊರಿ ರಿಫ್ರೆಶ್ (ಮೆಮೊರಿಯಲ್ಲಿರುವುದು ಅಳಿಯದಂತೆ ಮರುತುಂಬುವುದು) ಮುಗಿದು, ಆಮೇಲೆ ಫ್ಲಾಪಿಗೆ ಸರದಿ ಬರಬೇಕು. ಉಳಿದ ಒಂದು ಮೈಕ್ರೋಸೆಕೆಂಡಿನಲ್ಲಿ ಇಷ್ಟೂ ಆಗುತ್ತದೆಯೇ? ಕೈಪಿಡಿ ಸಾಮಾನ್ಯ ಮೌಲ್ಯವನ್ನು 11 ಎಂದು ಕೊಟ್ಟಿರುವುದು ಸುಮ್ಮನೆ ಅಲ್ಲ.

ಬೆಸುಗೆಗಾರ: ನಾನು ಫ್ಲಾಪಿಯನ್ನು ಬಳಸುವುದೇ ಅಪರೂಪ.

ಕಪ್ಪುಪರದೆ: ಅಪರೂಪಕ್ಕೆ ಬಳಸುವ ಆ ಫ್ಲಾಪಿಯಲ್ಲೇ ಬ್ಯಾಕಪ್ ಇರುತ್ತದೆ.

ಹಳೇತಂತಿ: 1542ಬಿಯ ಸ್ಕಸಿ ಬದಿಯೇ ಸೆಕೆಂಡಿಗೆ 5 ಎಂಬಿ ದಾಟುವುದಿಲ್ಲ. 8 ಇಟ್ಟು ಡಿಸ್ಕಿನಿಂದ ಹೆಚ್ಚಿಗೆ ತರುವುದೇನು?

ಬೆಸುಗೆಗಾರ: "ಹೆಚ್ಚಿಗೆ" ಎಂದು ನಾನೆಲ್ಲಿ ಹೇಳಿದೆ? ಅದೇ ದತ್ತಾಂಶ ಬೇಗ ಸಾಗಿದರೆ ಬಸ್ಸು ಬೇಗ ಬಿಡುವಾಗುತ್ತದೆ. ಬಸ್-ಆನ್ ಅನ್ನು 11ಕ್ಕೆ ಇಳಿಸಿದ್ದೇನೆ, ಅದು ಫ್ಲಾಪಿಗಾಗಿ ಮಾತ್ರ. 8 ಹಾಗೆಯೇ ಇರುತ್ತದೆ.

ತುಂಗಾತೀರ: ಹಾಗಾದರೆ ಆ 40 ಎಂಬಿ ಕಡತಗಳ ಸಿಆರ್‌ಸಿಯನ್ನು ಮೂಲದೊಂದಿಗೆ ತಾಳೆ ನೋಡಿ ಇಲ್ಲಿ ಹಾಕಿ. ಅಲ್ಲಿಯವರೆಗೆ ನನ್ನ ಜಂಪರ್ 5ರಿಂದ ಕದಲುವುದಿಲ್ಲ.