ಮಾತು ಬಿಟ್ಟ ಅಣ್ಣನ ತೋಟಕ್ಕೆ ಮದ್ದು ಹೊಡೆಸಬೇಕೆ?

ಸಾಗರದ ತೋಟಿಗ:

ತಂದೆಯವರು ತೀರಿಕೊಂಡ ಮೇಲೆ ಆಸ್ತಿಯ ವಿಚಾರವಾಗಿ ನನಗೂ ಅಣ್ಣನಿಗೂ ಮನಸ್ತಾಪವಾಗಿ 6 ವರ್ಷಗಳಿಂದ ಮಾತಿಲ್ಲ; ಪಾಲಿನ ದಾವೆ ನ್ಯಾಯಾಲಯದಲ್ಲಿದೆ. ಕಳೆದ ವರ್ಷ ಕೊನೆಕೊಯ್ಲಿನ ಸಮಯದಲ್ಲಿ ಅವನು ದಾರಿಗೆ ಅಡ್ಡಲಾಗಿ ಬೇಲಿ ಹಾಕಿದ್ದರಿಂದ, ಅಡಿಕೆ ಕೊನೆಗಳನ್ನು ಹಳ್ಳ ದಾಟಿಸಿ ತಲೆಹೊರೆಯಲ್ಲಿ ಸಾಗಿಸಬೇಕಾಯಿತು. ಆ ದಿನ ನನ್ನ ಹೆಂಡತಿ ಹಳ್ಳದ ದಂಡೆಯಲ್ಲಿ ಕುಳಿತು ಅತ್ತದ್ದನ್ನು ನಾನು ಮರೆತಿಲ್ಲ.

ಈಗ ಅಣ್ಣ ಹೃದಯದ ಶಸ್ತ್ರಚಿಕಿತ್ಸೆಗಾಗಿ ಮಂಗಳೂರಿನಲ್ಲಿದ್ದಾನೆ. ಮಳೆಗಾಲಕ್ಕೆ ಮೊದಲು ಹೊಡೆಸಿದ ಮದ್ದಿಗೆ, ಅಂದರೆ ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣಕ್ಕೆ, 40 ದಿನಗಳು ಕಳೆದಿವೆ, ಜಡಿಮಳೆ ಬಿಟ್ಟಿಲ್ಲ. ಎರಡನೆಯ ಮದ್ದು ಬೀಳದಿದ್ದರೆ ಅವನ ತೋಟಕ್ಕೆ ಕೊಳೆರೋಗ ತಪ್ಪದು. ನಾಳಿದ್ದು ನನ್ನಲ್ಲಿಗೆ ಆಳುಗಳು ಬರುತ್ತಾರೆ. ಅವನದಕ್ಕೂ ಹೊಡೆಸು ಎಂದು ಅಮ್ಮ ಹೇಳುತ್ತಿದ್ದಾಳೆ. ಬೇಲಿ ಕಂಡಾಗಲೆಲ್ಲ ನನ್ನ ಹೊಟ್ಟೆಯಲ್ಲಿ ಕಿಚ್ಚೇಳುತ್ತದೆ. ಮನಸ್ಸಿನಲ್ಲಿ ಪ್ರೀತಿಯೇ ಇಲ್ಲದೆ ಮಾಡುವ ಉಪಕಾರ ಕಪಟವಾಗುವುದಿಲ್ಲವೇ?

ನಿವೃತ್ತ ಶಿಕ್ಷಕಿ, ಶಿರಸಿ:

ಖಂಡಿತ ಕಪಟವಲ್ಲ. ನನ್ನ ಓರಗಿತ್ತಿಯೊಡನೆ ನಾನು 11 ವರ್ಷ ಮಾತು ಬಿಟ್ಟಿದ್ದೆ. ಅವಳು ಹಾಸಿಗೆ ಹಿಡಿದಾಗ ನೋಡಿಕೊಳ್ಳುವವರು ಯಾರೂ ಇಲ್ಲವೆಂದು ತಿಳಿದು, ಮನಸ್ಸಿಲ್ಲದ ಮನಸ್ಸಿನಿಂದ ಗಂಜಿಯ ಕ್ಯಾರಿಯರ್ ಒಯ್ಯತೊಡಗಿದೆ. ಮೊದಲ ವಾರ ಅದನ್ನು ಜಗಲಿಯ ಮೇಲಿಟ್ಟು, ಒಳಗೆ ಇಣುಕಿಯೂ ನೋಡದೆ ಮರಳುತ್ತಿದ್ದೆ. ಆಮೇಲೆ ಗಂಜಿಗೆ ಉಪ್ಪು ಹೆಚ್ಚಾಯಿತೇನೋ, ಅವಳಿಗೆ ಖಾರ ಆಗುವುದೋ ಇಲ್ಲವೋ ಎಂಬ ಚಿಂತೆ ನನಗೆ ಗೊತ್ತಿಲ್ಲದೆಯೇ ಶುರುವಾಯಿತು. ಆ ಚಿಂತೆಯನ್ನು ಪ್ರೀತಿಯೆನ್ನದೆ ಬೇರೆ ಏನೆನ್ನಬೇಕೋ ನಾನರಿಯೆ. ಅವಳು ಕೊನೆಯವರೆಗೂ ನನ್ನೊಡನೆ ಒಂದು ಮಾತನ್ನೂ ಆಡಲಿಲ್ಲ. ಆದರೂ ಆ ಮೂರು ತಿಂಗಳ ಬಗ್ಗೆ ನನಗೆ ಪಶ್ಚಾತ್ತಾಪವಿಲ್ಲ. ಅದಕ್ಕೆ ಮೊದಲಿನ 11 ವರ್ಷಗಳ ಬಗ್ಗೆ ಇದೆ.

ಅಣ್ಣ ಕೃತಜ್ಞನಾಗುವನೆಂದು ಎಣಿಸಿ ಮಾಡಬೇಡಿ. ಆಗದಿದ್ದರೆ ದ್ವೇಷ ಇಮ್ಮಡಿಯಾಗುತ್ತದೆ.

ತೀರ್ಥಹಳ್ಳಿಯಿಂದ:

ಕೊಳೆರೋಗ ಮಳೆಗಾಳಿಯಲ್ಲಿ ಹರಡುವುದರಿಂದ ಅವನ ತೋಟ ಕೊಳೆತರೆ ನಿಮ್ಮದೂ ಉಳಿಯದು. ಆ ಲೆಕ್ಕದಿಂದಲಾದರೂ ಹೊಡೆಸಿ. ಆದರೆ ಮೆತ್ತಗಾದವನನ್ನೇ ಮತ್ತೆ ತುಳಿಯುವುದು ಲೋಕರೂಢಿ. ಇದೇ ಭಾವುಕತೆಯಲ್ಲಿ ದಾವೆಯನ್ನೂ ಹಿಂತೆಗೆದುಕೊಂಡರೆ ನಿಮ್ಮ ಮಕ್ಕಳಿಗೆ ಏನುಳಿಯುತ್ತದೆ?

ವಕೀಲ, ಶಿವಮೊಗ್ಗ:

ದಾವೆಯನ್ನು ಹಿಂತೆಗೆದುಕೊಳ್ಳಬೇಕಾದ ಅಗತ್ಯವೇ ಇಲ್ಲ. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ, ವಾಹನದೊಳಗೆ ಮಲಗಿದ್ದ ಆಸ್ಟ್ರೇಲಿಯಾದ ಕ್ರೈಸ್ತ ಮಿಷನರಿ ಗ್ರಹಾಂ ಸ್ಟೇನ್ಸ್ ಹಾಗೂ ಅವರ ಇಬ್ಬರು ಎಳೆಯ ಗಂಡುಮಕ್ಕಳನ್ನು ಸುಟ್ಟು ಕೊಂದಾಗ, ಪತ್ನಿ ಗ್ಲಾಡಿಸ್ ಅವರು ಕೊಂದವರನ್ನು ಕ್ಷಮಿಸಿರುವುದಾಗಿ ಹೇಳಿ, ಬಾರಿಪದದಲ್ಲಿಯೇ ಉಳಿದು ಕುಷ್ಠರೋಗಿಗಳ ಸೇವೆಯನ್ನು ಮುಂದುವರಿಸಿದರು. ಹಾಗೆಂದು ಮೊಕದ್ದಮೆ ನಿಲ್ಲಲಿಲ್ಲ; 2003ರಲ್ಲಿ ಶಿಕ್ಷೆಯೂ ಆಯಿತು. ಆ ದುಃಖಕ್ಕೂ ನಿಮ್ಮ ಬೇಲಿಗೂ ಹೋಲಿಕೆಯಿಲ್ಲವೆಂದು ಬಲ್ಲೆ. ಆದರೆ ಕ್ಷಮಿಸಿದವರು ನ್ಯಾಯವನ್ನು ಬಿಟ್ಟುಕೊಡಬೇಕಾಗಿಲ್ಲ ಎಂಬುದು ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಎರಡು ಮಾತು. ನಿಮ್ಮ ಅತ್ತಿಗೆಯವರ ಒಪ್ಪಿಗೆಯಿಲ್ಲದೆ ಆ ತೋಟಕ್ಕೆ ಕಾಲಿಡಬೇಡಿ. ಮದ್ದಿನ ಖರ್ಚನ್ನು ಮುಂದೆಂದೂ ನ್ಯಾಯಾಲಯದಲ್ಲಿ ಎತ್ತಬೇಡಿ. ಅಣ್ಣ ಚೇತರಿಸಿಕೊಂಡ ಮೇಲೆ, ಸಿವಿಲ್ ಪ್ರಕ್ರಿಯಾ ಸಂಹಿತೆಯ 89ನೆಯ ಕಲಮಿನಡಿ ದಾವೆಯನ್ನು ಮಧ್ಯಸ್ಥಿಕೆಗೆ ಕಳುಹಿಸುವಂತೆ ಕೋರಿಕೊಳ್ಳಬಹುದು. ಅಲ್ಲಿ ಮನಬಿಚ್ಚಿ ಆಡಿದ ಮಾತು ಸಾಕ್ಷ್ಯವಾಗುವುದಿಲ್ಲವಾದ್ದರಿಂದ ಅಣ್ಣತಮ್ಮಂದಿರು ಹೆದರದೆ ಮಾತನಾಡುವುದನ್ನು ನಾನು ಕಂಡಿದ್ದೇನೆ.

ಸಾಗರದ ತೋಟಿಗ:

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಸಂಜೆ ಅತ್ತಿಗೆಗೆ ಫೋನ್ ಮಾಡಿದೆ. ವಿಷಯ ತಿಳಿಸಿದ ಮೇಲೆ ಬಹಳ ಹೊತ್ತು ಅವರು ಮಾತನಾಡಲಿಲ್ಲ. ಕೊನೆಗೆ, "ದೋಟಿ ಕೊಟ್ಟಿಗೆಯ ಅಟ್ಟದ ಮೇಲಿದೆ, ಮೈಲುತುತ್ತವೂ ಅಲ್ಲೇ ಇದೆ" ಎಂದಷ್ಟೇ ಹೇಳಿದರು. ಇಂದು ಬೆಳಿಗ್ಗೆ ಮಳೆ ಸ್ವಲ್ಪ ಹೊಳವಾದಾಗ ಬೇಲಿಯ ಅಡಿಯಿಂದಲೇ ಪೈಪು ನುಗ್ಗಿಸಿ ಅಣ್ಣನ ತೋಟದ ಕೆಲಸ ಆರಂಭಿಸಿದ್ದೇವೆ. ಅರ್ಧ ಮುಗಿದಿದೆ.